ಅಂಗಡಿಗೆ ನೀರು ನುಗ್ಗಿದರೆ ದುಡ್ಡು ಎಲ್ಲಿಂದ ಬರುತ್ತೆ?

ಕೆಆರ್‌ಎಸ್‌ನಿಂದ ಲಕ್ಷ ಕ್ಯೂಸೆಕ್ ದಾಟಿ ನೀರು ಬಿಟ್ಟರೆ ಶ್ರೀರಂಗಪಟ್ಟಣದ ಹೊಳೆ ದಂಡೆಯವರಿಗೆ ನಿದ್ದೆ ಇಲ್ಲ. ಕಬಿನಿ ತುಂಬಿದರೆ ನಂಜನಗೂಡಿನ ಸ್ನಾನಘಟ್ಟದ ಆಸುಪಾಸಿನವರಿಗೆ. 2019ರ ಆಗಸ್ಟ್‌ನಲ್ಲಿ ಮೈಸೂರು–ನಂಜನಗೂಡು ರಸ್ತೆಗೇ ನೀರು ಹರಿದಿತ್ತು. ಇಂಥ ಹೊತ್ತಲ್ಲಿ ಅಂಗಡಿಯವರು ಮೊದಲು ಕೇಳುವುದು, ಸರ್ಕಾರ ಎಷ್ಟು ಕೊಡುತ್ತೆ ಅಂತ.

ಅಂಗಡಿ ಸರಕಿಗೆ ಎಸ್‌ಡಿಆರ್‌ಎಫ್ (ರಾಜ್ಯ ವಿಪತ್ತು ಪರಿಹಾರ ನಿಧಿ) ಮಾರ್ಗಸೂಚಿಯಲ್ಲಿ ಕಲಮೇ ಇಲ್ಲ. ಅದರಲ್ಲಿ ಮುಖ್ಯವಾಗಿ ಇರುವುದು ಜೀವಹಾನಿ, ಮನೆ, ಬೆಳೆ, ಜಾನುವಾರು. 2022–26ರ ದರದಂತೆ ಎರಡು ದಿನಕ್ಕಿಂತ ಹೆಚ್ಚು ಮುಳುಗಿದ ಮನೆಗೆ ಬಟ್ಟೆಬರೆಗೆ 2,500, ಪಾತ್ರೆಪಡಗಕ್ಕೆ 2,500 ರೂಪಾಯಿ ಸಿಗುತ್ತದೆ, ಅದೂ ಕುಟುಂಬದ ಲೆಕ್ಕದಲ್ಲಿ. ಮುಂದೆ ಅಂಗಡಿ ಹಿಂದೆ ಮನೆ ಇದ್ದವರಿಗೆ ಮನೆಯ ಪಾಲು ಮಾತ್ರ ದಕ್ಕುತ್ತದೆ. ಕೈಮಗ್ಗ ಮತ್ತು ಕರಕುಶಲದವರಿಗೆ ಮಾತ್ರ ಪ್ರತ್ಯೇಕ ಕಲಮು ಉಂಟು: ಅದೇ 2022–26ರ ದರದಂತೆ ಹಾಳಾದ ಸಲಕರಣೆಗೆ 5,000, ಕಚ್ಚಾವಸ್ತು ಅಥವಾ ನೇಯ್ದಿಟ್ಟ ಮಾಲಿಗೆ 5,000. ಮೇಲುಕೋಟೆ, ಕೊಡಿಯಾಲದ ನೇಕಾರರು ಇದನ್ನು ಬಿಡಬಾರದು. ಉಳಿದ ವ್ಯಾಪಾರಿಗಳಿಗೆ ಏನಾದರೂ ಸಿಗಬೇಕಾದರೆ ರಾಜ್ಯ ಸರ್ಕಾರವೇ ತನ್ನ ಬೊಕ್ಕಸದಿಂದ ಬೇರೆ ಆದೇಶ ಹೊರಡಿಸಬೇಕು. ಅದನ್ನು ನಂಬಿ ಕೂತರೆ ಅಂಗಡಿ ಬಾಗಿಲು ತೆರೆಯುವುದಿಲ್ಲ. ದೊಡ್ಡ ಮೊತ್ತ ಬರುವುದು ಬ್ಯಾಂಕು ಮತ್ತು ವಿಮೆಯಿಂದ.

ಎರಡಕ್ಕೂ ಬೇಕಾದ ಸಾಕ್ಷಿ ಮೊದಲ ಎರಡು ದಿನದಲ್ಲೇ ಹುಟ್ಟಬೇಕು. ಕೆಸರು ಬಳಿಯುವ ಮುಂಚೆ ಗೋಡೆಯ ಮೇಲೆ ನೀರು ನಿಂತ ಗುರುತಿಗೆ ಟೇಪು ಹಿಡಿದು ಫೋಟೊ ತೆಗೆಯಿರಿ. ಅಂಗಡಿ ಬೋರ್ಡೂ ಒಂದು ಫೋಟೊದಲ್ಲಿ ಬರಲಿ. ನೆನೆದ ಮಾಲು ಎಸೆಯಬೇಡಿ, ವಿಮೆ ಕಂಪನಿ ಕಳಿಸುವ ನಷ್ಟ ಅಳೆಯುವ ಸರ್ವೇಯರ್ ಎಣಿಸುವವರೆಗೆ ಬೇರೆ ಗುಡ್ಡೆ ಹಾಕಿಡಿ. ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಕಂದಾಯ ನಿರೀಕ್ಷಕರೋ ಗ್ರಾಮ ಆಡಳಿತ ಅಧಿಕಾರಿಯೋ ಮಹಜರಿಗೆ ಬಂದಾಗ 'ಮನೆ' ಅಂತ ಮಾತ್ರ ಬರೆದು ಹೋಗದಂತೆ ನೋಡಿ, ಅಂಗಡಿ ಹೆಸರು, ಸರಕು, ಯಂತ್ರ ಎಲ್ಲ ನಮೂದಾಗಲಿ. ಬಿಲ್ಲುಗಳು ನೆನೆದು ಮುದ್ದೆಯಾಗಿದ್ದರೆ ಗಾಬರಿ ಬೇಡ. ಜಿಎಸ್‌ಟಿ ಪೋರ್ಟಲ್‌ನ 2ಬಿ ಎಂಬ ಪಟ್ಟಿಯಲ್ಲಿ ಖರೀದಿಯ ಲೆಕ್ಕ ಇರುತ್ತದೆ. ನೋಂದಣಿ ಇಲ್ಲದವರು ಹೋಲ್‌ಸೇಲ್‌ನವರ ಹತ್ತಿರ ಲೆಡ್ಜರ್ ನಕಲು ತರಬಹುದು.

ಹಿಟ್ಟಿನ ಗಿರಣಿ, ಆಲೆಮನೆಯವರಿಗೆ ಒಂದು ಮಾತು. ನೀರು ಕುಡಿದ ಮೋಟಾರನ್ನು 'ಓಡುತ್ತಾ ನೋಡೋಣ' ಅಂತ ಸ್ವಿಚ್ ಹಾಕಬೇಡಿ. ಕಾಯಿಲ್ ಸುಟ್ಟರೆ ಅದು ಶಾರ್ಟ್ ಸರ್ಕ್ಯೂಟಿನ ನಷ್ಟ, ನೆರೆಯದ್ದಲ್ಲ ಅಂತ ವಿಮೆಯವರು ಕ್ಲೇಮು ತಳ್ಳಿಹಾಕುತ್ತಾರೆ. ಬಿಚ್ಚಿಸಿ, ವೈಂಡಿಂಗ್ ಅಂಗಡಿಯಲ್ಲಿ ಒಣಗಿಸಿ, ಮೆಗ್ಗರ್ (ವೈರಿನ ನಿರೋಧಕ ಪದರ ಸರಿ ಇದೆಯೇ ಅಂತ ಅಳೆಯುವ ಉಪಕರಣ) ಹಿಡಿಸಿದ ಮೇಲೆ ಓಡಿಸಿ. ಆ ರಸೀದಿಯೂ ಕ್ಲೇಮಿಗೆ ಸೇರುತ್ತದೆ.

ಸಾಲ ಇದ್ದವರು ಕಂತು ತಪ್ಪುವ ಮೊದಲೇ ಮ್ಯಾನೇಜರಿಗೆ ಬರೆದು ಕೊಡಿ. ರಿಸರ್ವ್ ಬ್ಯಾಂಕಿನ 2018ರ ನಿರ್ದೇಶನದಂತೆ, ಸರ್ಕಾರ ವಿಪತ್ತು ಘೋಷಿಸಿದ ಪ್ರದೇಶದಲ್ಲಿ ಅವಧಿ ಸಾಲವನ್ನು ರೀಸ್ಟ್ರಕ್ಚರ್ (ಕಂತು, ಗಡುವು ಬದಲಿಸುವುದು) ಮಾಡಬಹುದಿತ್ತು, ಆದರೆ ವಿಪತ್ತಿನ ದಿನ ಖಾತೆ ಸುಸ್ತಿಯಾಗಿರಬಾರದಿತ್ತು. ಎಡವುವುದು ಇಲ್ಲೇ. ಜುಲೈ ಕಂತು ಬಾಕಿ ಉಳಿಸಿಕೊಂಡವನಿಗೆ ಆಗಸ್ಟಿನ ನೆರೆ ನೆಪವಾಗಿ ಕಾಣುತ್ತದೆ. ಈಗಿನ ಸುತ್ತೋಲೆ ಏನು ಹೇಳುತ್ತದೆಂದು ಬ್ಯಾಂಕಿನಲ್ಲೇ ಕೇಳಿ. ಶಾಖೆಯವರು ಕೈಚೆಲ್ಲಿದರೆ ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರಿಗೆ ಹೋಗಿ.

ಒಂದು ಬೀದಿಗೆ ಮಾತ್ರ ನೀರು ನುಗ್ಗಿದ್ದರೆ ಘೋಷಣೆಯೇ ಆಗುವುದಿಲ್ಲ. ಆಗ ನೆರವಿಗೆ ಬರುವುದು ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಪುನಶ್ಚೇತನ ಚೌಕಟ್ಟು. ರಿಸರ್ವ್ ಬ್ಯಾಂಕ್ 2016ರಲ್ಲಿ ತಂದದ್ದು. ಇದರಲ್ಲಿ ಮಾಲೀಕನೇ ಅರ್ಜಿ ಹಾಕಬಹುದು, 10 ಲಕ್ಷದವರೆಗಿನ ಸಾಲವನ್ನು ಶಾಖೆಯ ಮಟ್ಟದಲ್ಲೇ ಪರಿಶೀಲಿಸುತ್ತಾರೆ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಆನ್‌ಲೈನಿನಲ್ಲಿ ಕೊಡುವ ಉದ್ಯಮ್ ನೋಂದಣಿ ಮೊದಲೇ ಇರಲಿ. ಅದು ಪೂರ್ತಿ ಉಚಿತ, ಆಧಾರ್ ಜೊತೆ ಪ್ಯಾನ್ ಬೇಕು. ಸಾವಿರ ರೂಪಾಯಿ ಕೇಳುವ ಏಜೆಂಟರಿಗೆ ಮಣೆ ಹಾಕಬೇಡಿ. ಹೊಸ ಸಾಲ ಬೇಕೆಂದರೆ ಸಣ್ಣ ವ್ಯಾಪಾರಿಗಳ ಸಾಲ ಯೋಜನೆ ಮುದ್ರಾದಲ್ಲಿ ಶಿಶು 50,000, ಕಿಶೋರ 5 ಲಕ್ಷ, ತರುಣ 10 ಲಕ್ಷದವರೆಗೆ. ಅಡಮಾನ ಬೇಡ, ಆದರೆ ಅದು ಸಾಲವೇ, ಪರಿಹಾರವಲ್ಲ.

ಇನ್ನು ವಿಮೆ. 2021ರ ಏಪ್ರಿಲ್‌ನಿಂದ ಇರುವ ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ ಪಾಲಿಸಿಯಲ್ಲಿ 5 ಕೋಟಿವರೆಗಿನ ಆಸ್ತಿಗೆ ಬೆಂಕಿಯ ಜೊತೆ ನೆರೆಯೂ ಸೇರಿದೆ. ಸಿಸಿ (ಕ್ಯಾಷ್ ಕ್ರೆಡಿಟ್) ಸಾಲ ಇದ್ದರೆ ಸಾಮಾನ್ಯವಾಗಿ ಬ್ಯಾಂಕೇ ವಿಮೆ ಮಾಡಿಸಿರುತ್ತದೆ, ಪ್ರತಿ ಕೇಳಿ ಪಡೆದು ವಿಳಾಸ ಓದಿ. ಅಂಗಡಿ ಬದಲಾಗಿ ಹಳೇ ವಿಳಾಸವೇ ಉಳಿದಿದ್ದರೆ, ಗೋಡೌನು ಬಿಟ್ಟುಹೋಗಿದ್ದರೆ ಕ್ಲೇಮು ಅಲ್ಲೇ ನಿಲ್ಲುತ್ತದೆ. ಮೊತ್ತವನ್ನೂ ನೋಡಿ. 10 ಲಕ್ಷದ ಸರಕಿಗೆ 5 ಲಕ್ಷದ ವಿಮೆ ಇದ್ದು 2 ಲಕ್ಷ ನಷ್ಟವಾದರೆ ಕೈಗೆ ಬರುವುದು ಒಂದೇ ಲಕ್ಷ. ಈ ಪಾಲಿಸಿಯಲ್ಲಿ ಶೇ 15ರವರೆಗಿನ ಕೊರತೆಯನ್ನಷ್ಟೇ ಮನ್ನಿಸುತ್ತಾರೆ. ವರಮಹಾಲಕ್ಷ್ಮಿ, ಗೌರಿ ಹಬ್ಬಕ್ಕೆ ಸೀರೆ ತುಂಬಿಸುವುದೂ ಹೊಳೆ ಉಕ್ಕುವುದೂ ಒಂದೇ ತಿಂಗಳುಗಳಲ್ಲಿ, ಆದ್ದರಿಂದ ಆ ಹೊತ್ತಿನ ದಾಸ್ತಾನಿನ ಬೆಲೆಗೆ ವಿಮೆ ಇರಲಿ.

ಕೊನೆಗೆ ಜಿಎಸ್‌ಟಿ. ಹಾಳಾದ ಮಾಲಿನ ಮೇಲೆ ಪಡೆದ ಇನ್‌ಪುಟ್ ಕ್ರೆಡಿಟ್ಟನ್ನು (ಖರೀದಿಯಲ್ಲಿ ಕಟ್ಟಿ, ಮಾರಾಟದ ತೆರಿಗೆಯಲ್ಲಿ ಕಳೆದುಕೊಂಡ ತೆರಿಗೆ) ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5)ರ ಪ್ರಕಾರ ವಾಪಸ್ ಕಟ್ಟಲೇಬೇಕು. ಶೇ 18ರ ದರದ ಒಂದು ಲಕ್ಷದ ಮಾಲು ಹೋದರೆ ನಿಜವಾದ ನಷ್ಟ 1,18,000. ಸರ್ವೇಯರ್ ತೆರಿಗೆ ಬಿಟ್ಟು ಲೆಕ್ಕ ಹಾಕಿದರೆ ಕ್ರೆಡಿಟ್ ವಾಪಸ್ ಮಾಡಿದ 3ಬಿ ರಿಟರ್ನ್ ತೋರಿಸಿ ಕೇಳಿ. ವಿಮೆ ಮೊತ್ತವನ್ನೂ ತೆರಿಗೆ ಸೇರಿಸಿಯೇ ಮಾಡಿಸಿರಬೇಕು. ಒಪ್ಪದಿದ್ದರೆ ಕಂಪನಿಗೆ ಲಿಖಿತ ದೂರು, ಆಮೇಲೆ ವಿಮೆಯ ದೂರು ಇತ್ಯರ್ಥ ಮಾಡುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್. ಕಂಪನಿ ದೂರು ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.