ಓಡಿಸೋರು ಯಾರು, ಮಗು ಎಲ್ಲಿ ಕೂರುತ್ತೆ?

ಶೋರೂಮ್‌ಗೆ ಬಂದವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಒಂದು ಚಾರ್ಜ್‌ಗೆ ಎಷ್ಟು ಕೊಡುತ್ತೆ?" ಎರಡನೆಯದು ಬ್ಯಾಟರಿ ವಾರಂಟಿ. ಮೂರನೆಯದು ಟಾಪ್ ಸ್ಪೀಡ್. ಅದನ್ನು ಹೆಚ್ಚಾಗಿ ಗಂಡಸರೇ ಕೇಳುತ್ತಾರೆ.

ಮೈಸೂರಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಮಾರೋದು ನನ್ನ ಕೆಲಸ. ಬರುವವರಲ್ಲಿ ಬಹಳ ಜನಕ್ಕೆ ಗಾಡಿ ಬೇಕಾಗಿರುವುದು ಮಗುವನ್ನು ಪ್ಲೇ ಹೋಮ್‌ಗೋ ಎಲ್‌ಕೆಜಿಗೋ ಬಿಟ್ಟು ಬರೋಕೆ. ಮನೆಯಿಂದ ಮೂರೋ ನಾಲ್ಕೋ ಕಿಲೋಮೀಟರ್. ಅಷ್ಟಕ್ಕೆ ಈಗ ಸಿಗುವ ಯಾವ ಗಾಡಿಯೂ ಸಾಕು. ಅದಕ್ಕೇ ರೇಂಜ್ ಲೆಕ್ಕ ಬೇಗ ಮುಗಿಸಿ ನಾನೇ ಎರಡು ಪ್ರಶ್ನೆ ಕೇಳುತ್ತೇನೆ. ಓಡಿಸೋರು ಯಾರು? ಮಗು ಎಲ್ಲಿ ಕೂರುತ್ತೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಯಾವ ಗಾಡಿ ಅನ್ನೋದು ಅರ್ಧ ತೀರ್ಮಾನ ಆದ ಹಾಗೆ.

ದುಡ್ಡು ಕೊಡುವವರು ಒಬ್ಬರು, ಓಡಿಸುವವರು ಇನ್ನೊಬ್ಬರು. ಇದು ನಮ್ಮಲ್ಲಿ ದಿನಾ ನಡೆಯುವ ಕಥೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಒಬ್ಬರು ಒಮ್ಮೆ ಅಪ್ಪನನ್ನೂ ನಾಲ್ಕು ವರ್ಷದ ಮಗಳನ್ನೂ ಕರೆದುಕೊಂಡು ಬಂದರು. ಮಾಡೆಲ್, ಬಣ್ಣ ಎಲ್ಲ ಫೋನ್‌ನಲ್ಲೇ ಆರಿಸಿ ಇಟ್ಟಿದ್ದರು. ಚೂಪು ಮುಖದ, ಭರ್ರನೆ ಹೋಗುವ ಗಾಡಿ. ಓಡಿಸೋರು ಯಾರು ಅಂದೆ. "ಅಪ್ಪ. ಇವಳನ್ನ ಸ್ಕೂಲಿಗೆ ಬಿಡೋಕೆ" ಅಂದರು. "ಯಜಮಾನ್ರೇ, ಒಂದು ಸಲ ಕೂತು ನೋಡಿ" ಅಂತ ಗಾಡಿ ಹಿಡಿದುಕೊಂಡೆ. ಹಿರಿಯರು ಕೂತರು. ಬೆರಳ ತುದಿ ಮಾತ್ರ ನೆಲಕ್ಕೆ ತಾಗುತ್ತಿತ್ತು, ಹಿಮ್ಮಡಿ ಗಾಳಿಯಲ್ಲಿ. ಡಬಲ್ ಸ್ಟ್ಯಾಂಡ್ ಹಾಕಲು ಹೇಳಿದೆ. ಹಾಕಿದರು, ಆದರೆ ಹಲ್ಲು ಕಚ್ಚಿ ಹಾಕಿದರು. "ಪರವಾಗಿಲ್ಲ ಕಣಪ್ಪಾ, ಅಭ್ಯಾಸ ಆಗುತ್ತೆ" ಅಂದರು. ಮಗನ ಮನಸ್ಸು ನೋಯಿಸಬಾರದು ಅಂತ ಆಡಿದ ಮಾತು ಅದು.

ಬರೀ ತಾವೊಬ್ಬರೇ ಹೋಗುವಾಗ ಬೆರಳ ತುದಿ ತಾಗಿದರೂ ನಡೆದುಹೋಗುತ್ತೆ. ಹಿಂದೆ ಹದಿನೈದು ಕೆಜಿ ಮಗು ಕೂತು, ಅದು ಆಕಡೆ ಈಕಡೆ ವಾಲುತ್ತಾ, ಸಿಗ್ನಲ್ಲಿನಲ್ಲಿ ನಿಂತಾಗ ಹಾಗಲ್ಲ. ಎರಡೂ ಪಾದ ಪೂರ್ತಿ ನೆಲದ ಮೇಲೆ ಇರಬೇಕು. ಫ್ಯಾಮಿಲಿ ಗಾಡಿಗಳ ಸೀಟು ಹೆಚ್ಚುಕಡಿಮೆ 760ರಿಂದ 780 ಮಿಲಿಮೀಟರ್ ಎತ್ತರ ಇರುತ್ತೆ. 20 ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಐದಡಿ ಎತ್ತರದ ಅಮ್ಮನಿಗೆ ಅದೇ ದೊಡ್ಡದು. ಸೀಟು ಅಗಲವಾಗಿದ್ದರೆ ಎತ್ತರ ಕಮ್ಮಿ ಇದ್ದರೂ ಕಾಲು ಎಟುಕುವುದಿಲ್ಲ. ಬ್ರೋಷರ್ ನೋಡಿ ಇದು ತಿಳಿಯುವುದಿಲ್ಲ, ಕೂತೇ ನೋಡಬೇಕು. ದಿನಾ ಯಾವ ಚಪ್ಪಲಿ ಹಾಕುತ್ತಾರೋ ಅದನ್ನೇ ಹಾಕಿಕೊಂಡು ಬನ್ನಿ ಅಂತಲೂ ಹೇಳುತ್ತೇನೆ. ಗಾಡಿ ತೂಕವೂ ನೂರು ಕೆಜಿ ಮೇಲೆಯೇ ಇರುತ್ತೆ, ಆದ್ದರಿಂದ ರಿವರ್ಸ್ ಮೋಡ್ ಇದ್ದರೆ ಒಳ್ಳೆಯದು. ಸ್ಕೂಲ್ ಗೇಟ್ ಮುಂದಿನ ಇಳಿಜಾರಿನಿಂದ ಗಾಡಿ ಹಿಂದಕ್ಕೆ ಎಳೆಯುವ ಕಷ್ಟ ಗೊತ್ತಿರುವವರು ಅದನ್ನು ಸುಮ್ನೆ ಶೋಕಿ ಅನ್ನುವುದಿಲ್ಲ.

ನಾವು ಇದನ್ನೆಲ್ಲ ಮಾತಾಡುತ್ತಿದ್ದಾಗ ಮೊಮ್ಮಗಳು ಪಕ್ಕದ ಡಿಸ್‌ಪ್ಲೇ ಗಾಡಿ ಹತ್ತಿದ್ದಳು. ಸೀಟಿನ ಮೇಲಲ್ಲ, ಮುಂದೆ ಕಾಲಿಡುವ ಜಾಗದಲ್ಲಿ ನಿಂತಿದ್ದಳು. ಬಲಗೈ ಆಗಲೇ ಆಕ್ಸಿಲರೇಟರ್ ಮೇಲಿತ್ತು. ಎಲ್ಲ ಮಕ್ಕಳೂ ಹೀಗೇ. ಹಾರ್ನ್ ಬಿಟ್ಟರೆ ಅವರ ಕೈ ಹೋಗೋದು ಅಲ್ಲಿಗೇ.

ಪೆಟ್ರೋಲ್ ಗಾಡಿ ಸ್ಟಾರ್ಟ್ ಇದ್ದರೆ ಸದ್ದು ಮಾಡುತ್ತೆ, ನಡುಗುತ್ತೆ. ಎಲೆಕ್ಟ್ರಿಕ್ ಗಾಡಿಯಲ್ಲಿ ಅದಿಲ್ಲ. ಆನ್ ಇದೆ ಅಂತ ಹೇಳೋದು ಡಿಸ್‌ಪ್ಲೇ ಮಾತ್ರ. ಮೇಲಾಗಿ ಮೋಟರ್ ನಿಂತಲ್ಲಿಂದಲೇ ಪೂರ್ತಿ ಎಳೆತ ಕೊಡುತ್ತೆ. ಅಮ್ಮ ಮನೆ ಗೇಟ್ ತೆಗೆಯಲು ಇಳಿಯುತ್ತಾರೆ, ಮಗು ಮುಂದೆ ನಿಂತಿರುತ್ತೆ, ಹ್ಯಾಂಡಲ್ ಹಿಡಿದು ತಿರುಗಿಸಿದರೆ ಗಾಡಿ ಚಂಗನೆ ಮುಂದಕ್ಕೆ. ಈಗಿನ ಹೆಚ್ಚಿನ ಗಾಡಿಗಳಲ್ಲಿ ಸೈಡ್ ಸ್ಟ್ಯಾಂಡ್ ಹಾಕಿದರೆ ಮೋಟರ್‌ಗೆ ಕರೆಂಟ್ ಹೋಗುವುದಿಲ್ಲ. ಕೊಳ್ಳುವ ಮೊದಲು ಇದನ್ನು ಕಣ್ಣಾರೆ ನೋಡಿ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಸೈಡ್ ಸ್ಟ್ಯಾಂಡನ್ನೂ ಇಳಿಸಿಟ್ಟು, ಆಕ್ಸಿಲರೇಟರ್ ತಿರುಗಿಸಲು ಹೇಳಿ. ಚಕ್ರ ತಿರುಗಬಾರದು. ಮಗು ಹತ್ತಿಸುವಾಗ, ಇಳಿಸುವಾಗ ಗಾಡಿ ಆಫ್ ಇರಲಿ.

ಮುಂದೆ ನಿಲ್ಲಿಸಿಕೊಂಡು ಹೋಗೋದು ನಮ್ಮೂರಿನ ಹಳೇ ರೂಢಿ. ನಾನೂ ಅಪ್ಪನ ಗಾಡಿಯಲ್ಲಿ ಹಾಗೇ ನಿಂತು ಹೋದವನೇ. ಆದರೂ ಕಸ್ಟಮರ್‌ಗೆ ಬೇಡ ಅಂತಲೇ ಹೇಳುತ್ತೇನೆ. ಗಕ್ಕನೆ ಬ್ರೇಕ್ ಹಿಡಿದರೆ ಮಗುವಿನ ಗದ್ದ ನೇರ ಹ್ಯಾಂಡಲ್‌ಗೆ ಬಡಿಯುತ್ತೆ. ಹಿಂದಿನಿಂದ ದೊಡ್ಡವರ ಭಾರವೂ ಅದರ ಮೇಲೆ ಬೀಳುತ್ತೆ.

ಹಾಗಾದರೆ ಮುಂದೆ ಬೇಬಿ ಸೀಟ್ ಹಾಕಿಸೋಣ ಅನ್ನುತ್ತಾರೆ. ಇಲ್ಲಿ ಒಂದು ವಿಷಯ ಜೋರಾಗಿಯೇ ಹೇಳಬೇಕು. ಕೆಲವು ಗಾಡಿಗಳಲ್ಲಿ ಬ್ಯಾಟರಿ ಇರುವುದು ಕಾಲಿಡುವ ಜಾಗದ ಕೆಳಗೇ. ಹೊರಗೆ ವೆಲ್ಡಿಂಗ್ ಅಂಗಡಿಯಲ್ಲಿ ಅಲ್ಲಿಗೆ ಡ್ರಿಲ್ ಇಳಿಸಿ ಬೋಲ್ಟ್ ಹಾಕಿಸಿದರೆ ಏನಾಗಬಹುದು ಅಂತ ನೀವೇ ಯೋಚಿಸಿ. ವಾರಂಟಿ ಹೋಗೋದು ಆಮೇಲಿನ ಮಾತು. ಆ ಗಾಡಿಗೆಂದೇ ಕಂಪನಿ ಕೊಡುವ ಸೀಟು ಇದ್ದರೆ ಕೇಳಿ. ಅದನ್ನು ಹಾಕಿಸಿದರೂ ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಮಗುವಿನ ಮಂಡಿಗೆ ತಾಗುತ್ತಾ ನೋಡಿ.

ಕಾನೂನು ಮಗುವನ್ನು ಹಿಂದೆ ಕೂರಿಸು ಅನ್ನೋ ಲೆಕ್ಕದಲ್ಲೇ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2022ರ ಫೆಬ್ರವರಿಯಲ್ಲಿ ತಿದ್ದುಪಡಿ ಬಂತು, ಜಾರಿಯಾಗಿದ್ದು 2023ರ ಫೆಬ್ರವರಿ 15ರಿಂದ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಗುವನ್ನು ಹಿಂದೆ ಕೂರಿಸಿಕೊಂಡರೆ, ಮಗುವನ್ನು ಓಡಿಸುವವರಿಗೆ ಬಿಗಿಯುವ ಸೇಫ್ಟಿ ಬೆಲ್ಟ್ ಇರಬೇಕು. ತಲೆಗೆ ಸರಿಹೊಂದುವ ಹೆಲ್ಮೆಟ್ ಇರಬೇಕು. ವೇಗ 40 ಕಿಲೋಮೀಟರ್ ದಾಟಬಾರದು. ನಾಲ್ಕು ವರ್ಷ ಮೀರಿದ ಮೇಲೆ ದೊಡ್ಡವರ ಹಾಗೆ ಹೆಲ್ಮೆಟ್ ಹೇಗೂ ಕಡ್ಡಾಯ. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ಒಂಬತ್ತು ತಿಂಗಳೂ ತುಂಬದ ಕೂಸಾದರೆ ಆಟೋ ಹಿಡಿಯಿರಿ ಅಂತೀನಿ.

ಬೆಲ್ಟ್ ಅಂದರೆ ಮಗುವಿಗೆ ಹಾಕುವ ಒಂದು ಜಾಕೆಟ್ಟು, ಅದರ ಪಟ್ಟಿಗಳು ಓಡಿಸುವವರ ಹೆಗಲಿಗೆ ಬರುತ್ತವೆ. ಕೊಳ್ಳುವಾಗ 30 ಕೆಜಿ ತಡೆಯುತ್ತಾ ಕೇಳಿ, ನಿಯಮದಲ್ಲಿ ಇರುವುದೂ ಅದೇ. ಇದರ ನಿಜವಾದ ಉಪಯೋಗ ಸಂಜೆ ಹೊತ್ತು. ಡೇ ಕೇರ್‌ನಿಂದ ಬರುವ ಮಗು ತಣ್ಣನೆ ಗಾಳಿಗೆ ಹತ್ತೇ ನಿಮಿಷದಲ್ಲಿ ತೂಕಡಿಸುತ್ತೆ. ಬೆನ್ನಿಗೆ ಒರಗಿದ್ದ ತಲೆ ಪಕ್ಕಕ್ಕೆ ಜಾರಿದ್ದು ಓಡಿಸುವವರಿಗೆ ಕಾಣುವುದಿಲ್ಲ.

ಹಿಂದೆ ಕೂತ ಮಗುವಿನ ಕಾಲು ಫುಟ್‌ರೆಸ್ಟ್‌ಗೆ ಎಟುಕುತ್ತಾ ಅನ್ನೋದು ಇನ್ನೊಂದು. ಚಿಕ್ಕ ಮಕ್ಕಳಿಗೆ ಎಟುಕುವುದಿಲ್ಲ, ಕಾಲು ತೂಗಾಡುತ್ತಿರುತ್ತೆ. ಆದ್ದರಿಂದ ಹಿಂದಿನ ಚಕ್ರದ ಪಕ್ಕ ಬಗ್ಗಿ ನೋಡಿ. ಸೀರೆ ಗಾರ್ಡ್ ಎಲ್ಲಿವರೆಗೆ ಮುಚ್ಚಿದೆ? ಪುಟ್ಟ ಶೂ ತೂರುವಷ್ಟು ಸಂದು ಇದೆಯಾ? ನಿಯಮದ ಪ್ರಕಾರ ಚಕ್ರದ ಅರ್ಧಕ್ಕಿಂತ ಕಡಿಮೆ ಮುಚ್ಚುವಂತಿಲ್ಲ. ಗಾಡಿ ಲುಕ್ ಕೆಡುತ್ತೆ ಅಂತ ಗಾರ್ಡ್ ಬಿಚ್ಚಿಸುವವರೂ ಇದ್ದಾರೆ. ಅವರ ಜೊತೆ ನಾನು ಜಗಳಕ್ಕೇ ನಿಲ್ಲುತ್ತೇನೆ.

ಹೆಲ್ಮೆಟ್‌ಗೆ ಟೇಪ್ ಹಿಡಿದು ಹುಬ್ಬಿನ ಮೇಲೆ ಸುತ್ತಳತೆ ತೆಗೆಯಿರಿ. ಬೆಳೆಯೋ ಮಗು ಅಂತ ಒಂದು ಸೈಜ್ ದೊಡ್ಡದು ತರಬೇಡಿ.

ರಿಜಿಸ್ಟ್ರೇಷನ್, ಲೈಸೆನ್ಸ್ ಏನೂ ಬೇಡದ ಸಣ್ಣ ಗಾಡಿಗಳ ಬಗ್ಗೆಯೂ ಕೇಳುತ್ತಾರೆ. 25 ಕಿಲೋಮೀಟರ್ ವೇಗ, 250 ವ್ಯಾಟ್‌ಗಿಂತ ಕಡಿಮೆ ಮೋಟರ್. ಸಮತಟ್ಟು ರಸ್ತೆಯಲ್ಲಿ, ಬಡಾವಣೆ ಒಳಗೆ ತೊಂದರೆ ಇಲ್ಲ. ಆದರೆ ಮಡಿಕೇರಿ ಕಡೆಯಿಂದಲೂ ನಮ್ಮಲ್ಲಿಗೆ ಬರುತ್ತಾರೆ. ಗಾಡಿ, ಅಮ್ಮ, ಮಗು, ಬ್ಯಾಗು ಸೇರಿ 140 ಕೆಜಿ ಅಂತಿಟ್ಟುಕೊಳ್ಳಿ. ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಲ್ಲಿ 250 ವ್ಯಾಟ್ ಕೊಡುವುದು ಗಂಟೆಗೆ ಹತ್ತು ಕಿಲೋಮೀಟರ್ ಹತ್ತಿರದ ವೇಗ. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿರುತ್ತೆ. ಅಲ್ಲಿಗೆ ನಾನು ಅದನ್ನು ಮಾರುವುದಿಲ್ಲ.

ಟೆಸ್ಟ್ ರೈಡ್ ಮೊದಲು ಮಗು ಇಲ್ಲದೆ ಮಾಡಿಸುತ್ತೇನೆ. ಆಕ್ಸಿಲರೇಟರ್ ಬಿಟ್ಟ ತಕ್ಷಣ ಮೋಟರ್ ಬ್ಯಾಟರಿಗೆ ಕರೆಂಟ್ ವಾಪಸ್ ಕಳಿಸುತ್ತಾ ಗಾಡಿಯನ್ನು ತಾನೇ ನಿಧಾನ ಮಾಡುತ್ತೆ. ಪೆಟ್ರೋಲ್ ಗಾಡಿಯಿಂದ ಬಂದವರಿಗೆ ಇದು ಹೊಸದು, ಶುರುವಿನಲ್ಲಿ ಜರ್ಕ್ ಹೊಡೆಯುತ್ತೆ. ಹಿಂದೆ ಕೂತ ಮಗುವಿನ ಹೆಲ್ಮೆಟ್ಟು ಪ್ರತಿ ಸಲ ಬೆನ್ನಿಗೆ ಕುಟ್ಟುತ್ತೆ. ಮೆಲ್ಲಗೆ ಬಿಡೋದು ಕೈಗೆ ಹತ್ತುವವರೆಗೆ ವೇಗ, ಎಳೆತ ಕಡಿಮೆ ಇರುವ ಇಕೋ ಮೋಡ್‌ನಲ್ಲಿ ಒಬ್ಬರೇ ಓಡಿಸಲಿ.

ಆ ಹಿರಿಯರು ಕೊನೆಗೆ ಸೀಟು ತಗ್ಗಿರುವ ಗಾಡಿಯನ್ನೇ ಆರಿಸಿದರು. ಮಗನ ಮುಖ ಸ್ವಲ್ಪ ಸಪ್ಪಗಾಯಿತು. ಕಮಿಷನ್ ನನಗೂ ಕಮ್ಮಿಯೇ ಬಂತು, ಅದಿರಲಿ.

ಗಂಡ ಹೆಂಡತಿ ಇಬ್ಬರೂ ಬಂದಾಗ ಬಿಲ್ ಹಾಕುವ ಹೊತ್ತಿಗೆ ಒಂದು ಪ್ರಶ್ನೆ ಬಂದೇ ಬರುತ್ತೆ: "ಮೂರೂ ಜನ ಹೋಗಬಹುದಲ್ವಾ? ಮಗು ತಾನೇ?" ಕಾನೂನಿನ ಪ್ರಕಾರ ಓಡಿಸುವವರ ಜೊತೆ ಒಬ್ಬರೇ. ಕೇರಳದಲ್ಲಿ 2023ರಲ್ಲಿ ರಸ್ತೆ ರಸ್ತೆಗೂ ನಿಯಮ ಮೀರಿದವರನ್ನು ತಾನೇ ಹಿಡಿಯುವ ಎಐ ಕ್ಯಾಮೆರಾ ಬಂದಾಗ ಇದೇ ಗಲಾಟೆ ಎದ್ದಿತ್ತು. ಚಿಕ್ಕ ಮಕ್ಕಳಿಗೆ ವಿನಾಯಿತಿ ಕೊಡಿ ಅಂದರು, ಕೇಂದ್ರ ಒಪ್ಪಲಿಲ್ಲ. ಇದನ್ನು ಹೇಳಿದಾಗ ಒಬ್ಬ ಅಕ್ಕ ಗಂಡನ ಕಡೆ ತಿರುಗಿ, "ಸರಿ, ನಾವಿಬ್ರೂ ಗಾಡೀಲಿ ಹೋಗ್ತೀವಿ, ನೀವು ಸಿಟಿ ಬಸ್ಸಲ್ಲಿ ಬನ್ನಿ" ಅಂತ ಬಿಲ್ಲಿಗೆ ತಮ್ಮ ಹೆಸರನ್ನೇ ಬರೆಸಿದರು.