ನೇರಳೆ ಪಟ್ಟಿಯ ಆಚೆ ಬೊಗಳಿದ ನಾಯಿ

ಸ್ಕಾಟ್ಸ್‌ವಿಲ್ ಎಂಬ, ಅಮೆರಿಕದ ವರ್ಜೀನಿಯಾ ರಾಜ್ಯದ ಪುಟ್ಟ ಊರು ದಾಟಿ, ಜೇಮ್ಸ್ ನದಿಯ ಸೇತುವೆ ಇಳಿದರೆ ಬಕಿಂಗ್‌ಹ್ಯಾಮ್ ಕೌಂಟಿ. ಅಲ್ಲಿಂದಲೇ ರಸ್ತೆ ಪಕ್ಕದ ಮರಗಳ ಮೇಲೆ ನೇರಳೆ ಪಟ್ಟಿಗಳು ಶುರುವಾದವು. ಎದೆಮಟ್ಟದಲ್ಲಿ, ಹೆಚ್ಚುಕಡಿಮೆ ಒಂದು ಗೇಣು ಉದ್ದ. ನಾನು ಮಲೆನಾಡಿನವನು. ಮರಕ್ಕೆ ಬಣ್ಣ ಬಳಿದಿದ್ದಾರೆ ಅಂದರೆ ಅದರ ಆಯಸ್ಸು ಮುಗಿಯಿತು ಅಂತಲೇ ನಮ್ಮ ಕಡೆ ಅರ್ಥ.

"ಇಷ್ಟೊಂದು ಮರ ಕಡೀತಾರಾ ಭಾವ?" ಅಂದೆ.

ಭಾವ ನಕ್ಕರು. "ಕಡಿಯೋಕಲ್ಲ ಮಾರಾಯ. ಒಳಗೆ ಕಾಲಿಡಬೇಡ ಅಂತ."

ವರ್ಜೀನಿಯಾದಲ್ಲಿ ಜಮೀನಿನ ಗಡಿ ಮರಗಳಿಗೆ 2 ಇಂಚು ಅಗಲ, 8 ಇಂಚು ಉದ್ದದ ಪಟ್ಟಿ ಎಳೆದರೆ 'ಅಪ್ಪಣೆ ಇಲ್ಲದೆ ಬರಬಾರದು' ಎಂದು ಬೋರ್ಡು ಹಾಕಿದಷ್ಟೇ ಬೆಲೆಯಂತೆ. ಬೋರ್ಡನ್ನು ಕಿತ್ತುಕೊಂಡು ಹೋಗಬಹುದು, ಬಣ್ಣವನ್ನು ಹೇಗೆ ಕೀಳ್ತಾರೆ? ನನಗೆ ಇದು ಬಹಳ ಹಿಡಿಸಿತು. ಊರಿಗೆ ಹೋದಮೇಲೆ ಅಪ್ಪನಿಗೆ ಹೇಳಬೇಕು ಅಂದುಕೊಂಡೆ. ನಮ್ಮ ತೋಟದ ಉಣುಗೋಲು ಸರಿಸಿ, ಮತ್ತೆ ಹಾಕದೆ ಹೋಗುವವರ ಮೇಲೆ ಅವರ ಸಿಟ್ಟು ನಲವತ್ತು ವರ್ಷ ಹಳೆಯದು.

ನಾವು ಹೊರಟಿದ್ದು ಶಿಕಾರಿಗಲ್ಲ. ಅಕ್ಕನಿಗೆ ಯೋಗವಿಲ್ ನೋಡಬೇಕಿತ್ತು. 1969ರ ವುಡ್‌ಸ್ಟಾಕ್ ಸಂಗೀತ ಮೇಳದಲ್ಲಿ ಮೊದಲ ಮಾತಾಡಿದ ಸ್ವಾಮಿ ಸಚ್ಚಿದಾನಂದರು ಇಲ್ಲಿ ಆಶ್ರಮ ಕಟ್ಟಿದ್ದಾರೆ. 1986ರಲ್ಲಿ ತೆರೆದ ಕಮಲದಾಕಾರದ ಗುಡಿಯೂ ಇದೆ. ಗುಡಿ ನನಗೆ ಅಷ್ಟಕ್ಕಷ್ಟೇ. ಗುಲಾಬಿ ಬಣ್ಣ ಸ್ವಲ್ಪ ಜಾಸ್ತಿಯಾಯಿತು. ಪಕ್ಕದ ಗುಡ್ಡದ ಮೇಲಿನ ಚಿಕ್ಕ ನಟರಾಜ ಮಾತ್ರ ಚೆನ್ನಾಗಿದ್ದಾನೆ. ಅವನು ನಿಂತ ಜಾಗದಿಂದ ಕಾಣುವ ಕಾಡು ಇನ್ನೂ ಚೆನ್ನ. ಅಕ್ಕ ಎರಡು ದಿನ ಅಲ್ಲೇ ಉಳಿದಳು.

ಭಾವ ಕೆಲಸ ಮಾಡುವುದು ಆಶ್‌ಬರ್ನ್‌ನ ಡೇಟಾ ಸೆಂಟರ್ ಒಂದರಲ್ಲಿ. ಅವರ ಜೊತೆ ಕೆಲಸ ಮಾಡುವ ಹುಡುಗನೊಬ್ಬನ ಊರು ಇದೇ ಕೌಂಟಿ. ವಾರವಿಡೀ ಸರ್ವರ್ ನೋಡಿಕೊಂಡು, ಶುಕ್ರವಾರ ಬಂತೆಂದರೆ ಜಿಂಕೆ ಶಿಕಾರಿಗೆ ಊರಿಗೆ ಓಡುತ್ತಾನೆ. "ಇಷ್ಟು ದೂರ ಬಂದು ನಮ್ಮ ದೊಡ್ಡಪ್ಪನ ಮನೆಗೆ ಬರದಿದ್ದರೆ ಹೇಗೆ?" ಎಂದು ಊಟಕ್ಕೆ ಕರೆದಿದ್ದ. ಹೋದೆವು. ದೊಡ್ಡಪ್ಪನಿಗೆ ಎಪ್ಪತ್ತೊಂಬತ್ತು. ನಾನು ಅವರನ್ನು ಮನಸ್ಸಿನಲ್ಲೇ ಅಜ್ಜ ಅನ್ನುತ್ತಿದ್ದೆ, ಇಲ್ಲೂ ಹಾಗೇ ಬರೆಯುತ್ತೇನೆ.

ಅಜ್ಜನ ಮನೆ ಹಿಂದೆ ಮೂರು ನಾಯಿಗಳಿದ್ದವು. ಎರಡು ವಾಕರ್ ಜಾತಿಯವು: ಬಿಳಿ, ಕಪ್ಪು, ಕಂದು ಕಲಸಿದ ಮೈ, ಜೋತುಬಿದ್ದ ಕಿವಿ. ಇನ್ನೊಂದು ಮೈತುಂಬ ನೀಲಿ ಚುಕ್ಕಿ ಎರಚಿದಂಥ ಬ್ಲೂಟಿಕ್, ಹೆಸರು ಬೆಲ್. ಇವು ಜಿಂಕೆ ಓಡಿಸುವ ನಾಯಿಗಳಲ್ಲ, ರಕೂನ್ ನಾಯಿಗಳು. ರಕೂನ್ ನಮ್ಮಲ್ಲಿಲ್ಲ. ಕಣ್ಣಿಗೆ ಕಳ್ಳರ ಹಾಗೆ ಕಪ್ಪು ಪಟ್ಟಿ, ಬಾಲಕ್ಕೆ ಬಳೆ ಬಳೆ, ಮನುಷ್ಯರಂಥ ಕೈ. ರಾತ್ರಿ ಓಡಾಡುತ್ತದೆ, ಹೆದರಿದರೆ ಮರ ಹತ್ತುತ್ತದೆ. ನಾಯಿಯ ಕೆಲಸ ಅದರ ವಾಸನೆ ಹಿಡಿದು ಹೋಗಿ, ಯಾವ ಮರ ಹತ್ತಿದೆ ಎಂದು ಬುಡದಲ್ಲಿ ನಿಂತು ಕೂಗಿ ಹೇಳುವುದು. ಎಪ್ಪತ್ತರ ದಶಕದ ಕೊನೆಗೆ ಚರ್ಮಕ್ಕೆ ಒಳ್ಳೆ ರೇಟು ಇತ್ತು. "ಒಂದು ಚಳಿಗಾಲದ ಚರ್ಮದಲ್ಲಿ ಟ್ರಕ್ಕಿನ ಕಂತು ಕಟ್ಟಿದ್ದೆ" ಎಂದರು ಅಜ್ಜ. ಈಗ ಅದಕ್ಕೆ ಕವಡೆ ಬೆಲೆ. ಮತ್ತೆ ಯಾಕೆ ಹೋಗುತ್ತಾರೆ? ನಾನು ಕೇಳಿದೆ.

"ಕೇಳೋಕೆ" ಅಂದರು.

ಊಟಕ್ಕೆ ಕೂತಾಗ ಜಗಳ ಶುರುವಾಯಿತು. ಮರುದಿನ ಶನಿವಾರ, ನವೆಂಬರ್ ಮೊದಲ ವಾರ. ಕೇಪಿನ ಕೋವಿಯ ಜಿಂಕೆ ಸೀಸನ್ ಶುರುವಾಗುವ ದಿನ. ಹೌದು, ನಳಿಗೆ ಬಾಯಿಂದ ಮಸಿ, ಗುಂಡು ತುಂಬುವ ಕೋವಿಗೆಂದೇ ಇಲ್ಲಿ ಬೇರೆ ಸೀಸನ್ ಇದೆ! ಅಕ್ಟೋಬರಿನಲ್ಲಿ ಬಿಲ್ಲು ಬಾಣ, ಆಮೇಲೆ ಇದು, ನವೆಂಬರ್ ಮಧ್ಯದಿಂದ ಬೇರೆ ಬಂದೂಕುಗಳು. ನಮ್ಮಜ್ಜನ ಕೇಪಿನ ಕೋವಿ ಅಟ್ಟದಲ್ಲಿ ತುಕ್ಕು ಹಿಡಿದಿದೆ ಎಂದೆ. ಹುಡುಗ ಎಷ್ಟು ವರ್ಷದ್ದು, ಎಷ್ಟಕ್ಕೆ ಕೊಡ್ತೀರಿ ಎಂದು ಕೇಳಿದ. 1972ರ ಕಾಯ್ದೆ ಬಂದಮೇಲೆ ನಮ್ಮಲ್ಲಿ ಶಿಕಾರಿ ಅಂದರೆ ಕೇಸು ಎಂದು ವಿವರಿಸಬೇಕಾಯಿತು. ಅವನಿಗೆ ಅಯ್ಯೋ ಪಾಪ ಅನ್ನಿಸಿದ್ದು ಮುಖದಲ್ಲೇ ಕಂಡಿತು.

ಜಗಳ ಇಷ್ಟೇ. ಹುಡುಗನ ಮರಸು ಇರುವುದು ಅಜ್ಜನ ಕಾಡಿನಲ್ಲೇ. ಮರಕ್ಕೆ ಕಬ್ಬಿಣದ ಏಣಿ, ಮೇಲೆ ಕುರ್ಚಿ. ನಾಲ್ಕು ತಿಂಗಳಿಂದ ಕ್ಯಾಮೆರಾ ಕಟ್ಟಿ ಒಂದು ಗಂಡು ಜಿಂಕೆಯ ದಾರಿ ನೋಡಿಟ್ಟಿದ್ದಾನೆ. "ಇವತ್ತು ರಾತ್ರಿ ಒಂದು ದಿನ ನಾಯಿ ಬಿಡಬೇಡಿ" ಅಂತ ಅವನ ಕೋರಿಕೆ. ರಾತ್ರಿಯೆಲ್ಲ ನಾಯಿ ಕೂಗಾಡಿದರೆ ಜಿಂಕೆ ಬೆಳಗ್ಗೆ ಅತ್ತ ಸುಳಿಯುವುದಿಲ್ಲ ಎನ್ನುವುದು ಅವನ ವಾದ.

"ನನ್ನ ನಾಯಿ ಜಿಂಕೆಯ ಕಡೆ ತಿರುಗಿ ನೋಡಲ್ಲ" ಎಂದರು ಅಜ್ಜ.

"ನಾಯಿ ನೋಡಲ್ಲ ದೊಡ್ಡಪ್ಪ. ಆದರೆ ಜಿಂಕೆ ನೋಡುತ್ತಲ್ಲ?"

ಒಂದೇ ಕಾಡು, ಎರಡು ಪಾಳಿ. ಜಿಂಕೆಯವರಿಗೆ ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನಿಂದ ಮುಳುಗಿದ ಅರ್ಧ ಗಂಟೆಯವರೆಗೆ. ಆಮೇಲಿನದು ರಕೂನಿನವರದು. ಕಾಗದದ ಮೇಲೆ ಎಲ್ಲ ಸರಿಯಾಗಿದೆ. ಆದರೆ ಜಿಂಕೆಯವನಿಗೆ ಸದ್ದೇ ಆಗಬಾರದು, ರಕೂನಿನವನಿಗೆ ಸದ್ದೇ ಬೇಕು. ಕೊನೆಗೆ ಅಜ್ಜ ಹಳ್ಳದ ಆಚೆ ಬದಿ ಮಾತ್ರ ನಾಯಿ ಬಿಡುವುದು ಎಂದು ಒಪ್ಪಂದವಾಯಿತು. ಹುಡುಗ ನಂಬಲಿಲ್ಲ. ನಾನು ಜೊತೆಗೆ ಬರಲಾ ಎಂದು ಕೇಳಿದೆ. ಭಾವ ನನ್ನ ಬೂಟು ನೋಡಿ ತಲೆ ಚಚ್ಚಿಕೊಂಡರು.

ಅವರು ಚಚ್ಚಿಕೊಂಡಿದ್ದು ಸರಿ. ಯಾರಾದರೂ ರಾತ್ರಿ ಆ ಕಾಡಿಗೆ ಹೋಗುವುದಾದರೆ ದಪ್ಪ ಬಟ್ಟೆಯ ಪ್ಯಾಂಟು ಹಾಕಿ. ಅಲ್ಲಿ ಹಸಿರು ಮುಳ್ಳುಬಳ್ಳಿ ಒಂದಿದೆ, ನಮ್ಮ ಸೀಗೆ ಮೆಳೆಯ ತಂಗಿ. ಜೀನ್ಸ್ ದಾಟಿ ಮೊಣಕಾಲಿಗೇ ಸಹಿ ಹಾಕುತ್ತದೆ. ಇನ್ನೊಂದು ಮಾತು. ಮೋಟೆಲ್‌ಗೆ ಸಂಜೆಯೇ ಹೋಗಿ ಬೀಗದ ಕೈ ತೆಗೆದುಕೊಳ್ಳಿ. ನಾವು ಮುಂಗಡ ಕಟ್ಟಿ, ತಡವಾಗುತ್ತದೆ ಎಂದು ಫೋನಿನಲ್ಲೂ ಹೇಳಿದ್ದೆವು. ಬೆಳಗಿನ ಜಾವ ಮೂರಕ್ಕೆ ಹೋದರೆ ನಮ್ಮ ರೂಮನ್ನು ಇನ್ಯಾರಿಗೋ ಕೊಟ್ಟಾಗಿತ್ತು. ಕೊಟ್ಟವನು ನಗುತ್ತಲೇ "ನೀವು ಬರಲ್ಲ ಅಂದುಕೊಂಡೆ" ಎಂದ. ಆ ನಗು ಇನ್ನೂ ಮರೆತಿಲ್ಲ. ಕಾರಿನಲ್ಲಿ ಮಲಗಿದೆವು.

ಒಂಬತ್ತೂವರೆಗೆ ಹಳ್ಳದಾಚೆ ಬೆಲ್ ಒಬ್ಬಳನ್ನೇ ಬಿಟ್ಟರು. ಕೋವಿ ಟ್ರಕ್ಕಿನಲ್ಲೇ ಉಳಿಯಿತು. ಆಮೇಲೆ ಏನೂ ಇಲ್ಲ. ದೀಪ ಆರಿಸಿ ನಿಂತೆವು. ಓಕ್ ಎಲೆ ಉದುರುವ ಸದ್ದು ಬಿಟ್ಟರೆ ಕಾಡು ಗಪ್‌ಚಿಪ್. ಇಪ್ಪತ್ತು ನಿಮಿಷ ಆಗಿರಬಹುದು. ದೂರದಲ್ಲಿ ಒಂದು ಕೂಗು ಎದ್ದಿತು. ಬೊಗಳು ಅಂತ ಹೇಳಲು ಬರುವುದಿಲ್ಲ. ಉದ್ದಕ್ಕೆ, ಕೊನೆಗೆ ಸ್ವಲ್ಪ ಒಡೆದು, ಶಂಖ ಊದಲು ಕಲಿಯುತ್ತಿರುವವರು ಒಂದು ಸಲ ಸರಿಯಾಗಿ ಊದಿದ ಹಾಗೆ. ಗುಡ್ಡಕ್ಕೆ ಬಡಿದು ವಾಪಸ್ ಬಂತು. ನನ್ನ ಕತ್ತಿನ ಕೂದಲು ನಿಂತವು.

"ವಾಸನೆ ಸಿಕ್ಕಿತು. ಇನ್ನೂ ಹಳೇ ವಾಸನೆ" ಎಂದರು ಅಜ್ಜ. ಸ್ವಲ್ಪ ಹೊತ್ತಿಗೆ, "ಈಗ ನೀರು ದಾಟಿದಳು." ಮತ್ತೆ, "ಬಿಸಿಯಾಯಿತು, ಕೇಳಿ." ನನಗೆ ಎಲ್ಲ ಒಂದೇ ಥರ. ಅವರಿಗೆ ಅದು ರೇಡಿಯೋ ಕಾಮೆಂಟರಿ. ಪಂದ್ಯಗಳಲ್ಲಿ ನಾಲ್ಕು ನಾಯಿಗಳನ್ನು ಒಟ್ಟಿಗೆ ಬಿಡುತ್ತಾರಂತೆ. ಕತ್ತಲಲ್ಲಿ ನಿಂತು ದನಿ ಮೇಲೇ ತನ್ನ ನಾಯಿ ಯಾವುದೆಂದು ಹೇಳಬೇಕು. ಮೊದಲು ವಾಸನೆ ಹಿಡಿದದ್ದಕ್ಕೆ 100 ಅಂಕ. ರಕೂನನ್ನು ಕೊಲ್ಲುವ ಮಾತೇ ಇಲ್ಲ. ನಾಯಿಯ ಮೇಲೆ ಇವರಿಗಿರುವ ಮೋಹಕ್ಕೆ ಅಲಬಾಮಾದಲ್ಲೊಂದು ಸ್ಮಶಾನವೇ ಇದೆ. 1937ರ ಸೆಪ್ಟೆಂಬರ್ 4ರಂದು ಕೀ ಅಂಡರ್‌ವುಡ್ ಎಂಬಾತ ತನ್ನ ಟ್ರೂಪ್ ಎಂಬ ನಾಯಿಯನ್ನು ಹೂತ ಜಾಗ. ಇವತ್ತಿಗೂ ಅಲ್ಲಿ ರಕೂನ್ ನಾಯಿಗಳಿಗೆ ಮಾತ್ರ ಜಾಗ.

ಆಮೇಲೆ ಕೂಗು ಬದಲಾಯಿತು. ಉದ್ದದ ಕೂಗು ಹೋಗಿ ಚುಟುಕಾಗಿ, ಒಂದರ ಹಿಂದೊಂದು, ಕೊಡಲಿಯಲ್ಲಿ ಸೌದೆ ಒಡೆದ ಹಾಗೆ. ಅದು ನನಗೂ ಗೊತ್ತಾಯಿತು. ಮರ ಹತ್ತಿಸಿದ್ದಾಳೆ. ಅಜ್ಜ ಕೈಯಲ್ಲಿದ್ದ ಜಿಪಿಎಸ್ ನೋಡಿದರು. ಬೆಲ್‌ಳ ಕೊರಳಪಟ್ಟಿ ತಾನೆಲ್ಲಿದ್ದೇನೆಂದು ಅದಕ್ಕೆ ಹೇಳುತ್ತದೆ. ಅಜ್ಜನ ಮುಖ ಇಳಿಯಿತು. ಅವಳು ಎರಡು ಗುಡ್ಡ ಸುತ್ತಿ, ಹುಡುಗನ ಮರಸಿನ ಬುಡದಲ್ಲೇ ಹಾದು, ಪಕ್ಕದ ಜಮೀನಿಗೆ ಹೋಗಿದ್ದಳು. ಹೊಸಬರ ಜಮೀನು.

ನಡೆದೆವು. ಕೊನೆಗೆ ಟಾರ್ಚಿಗೆ ನೇರಳೆ ಪಟ್ಟಿ ಕಂಡಿತು. ನಾನು ನಿಂತುಬಿಟ್ಟೆ. ಅಜ್ಜ ನಿಲ್ಲಲಿಲ್ಲ. "ಕಾನೂನು ಬಿಡುತ್ತೆ" ಅಂದರು. ನಿಜವೇ. ವರ್ಜೀನಿಯಾದಲ್ಲಿ 1938ರಿಂದ ಒಂದು ನಿಯಮವಿದೆ. ಬೇರೆಡೆ ಶುರುವಾದ ಬೆನ್ನಟ್ಟುವಿಕೆ ಇನ್ನೊಬ್ಬರ ನಿಷೇಧದ ಜಮೀನಿಗೆ ಹೋದರೆ, ನರಿ ಮತ್ತು ರಕೂನ್ ಶಿಕಾರಿಯವರು ನಾಯಿಯ ಹಿಂದೆ ಹೋಗಬಹುದು. ಜಿಂಕೆ ಮುಂತಾದವುಗಳ ಶಿಕಾರಿಯವರು ಕೋವಿ ಇಲ್ಲದೆ ಹೋಗಿ ನಾಯಿ ಕರೆತರಬಹುದು. ನಾಯಿ ತರಲು ಗಾಡಿ ಒಯ್ಯುವುದಕ್ಕೆ ಮಾತ್ರ ಅಪ್ಪಣೆ ಬೇಕು. ಮಾಲೀಕರು ಯಾರು ಎಂದು ಕೇಳಿದರೆ ಹೆಸರು ಹೇಳಲೇಬೇಕು. ಜಾರ್ಜ್ ವಾಷಿಂಗ್ಟನ್ನೇ ಬೇಟೆ ನಾಯಿಗಳ ಹಿಂಡು ಸಾಕಿದ್ದ ನಾಡು ಇದು. ಆದರೆ ಆಗಿನ ನೂರಾರು ಎಕರೆಯ ಜಮೀನುಗಳು ಈಗ ಹತ್ತು ಇಪ್ಪತ್ತರ ತುಂಡುಗಳಾಗಿವೆ. ನಾಯಿಯ ಓಟ ಮಾತ್ರ ಮೊದಲಿನಷ್ಟೇ ಉದ್ದ.

ಬೆಲ್ ದೊಡ್ಡ ಪಾಪ್ಲರ್ ಮರಕ್ಕೆ ಮುಂಗಾಲು ಕೊಟ್ಟು ನಿಂತಿದ್ದಳು. ನಮಗಿಂತ ಮೊದಲೇ ಅಲ್ಲಿ ಇನ್ನೊಂದು ಟಾರ್ಚು ಇತ್ತು. ನೈಟಿ ಮೇಲೆ ದಪ್ಪ ಕೋಟು, ಕಾಲಿಗೆ ಗಂಬೂಟು. ಅರವತ್ತು ದಾಟಿದ ಹೆಂಗಸು.

"ಯಾರದು?"

ಅಜ್ಜ ಟೋಪಿ ತೆಗೆದು ಪೂರ್ತಿ ಹೆಸರು ಹೇಳಿದರು. ಮನೆ ಎಲ್ಲಿ ಎಂದೂ ಹೇಳಿದರು. ನಾಯಿ ಕಟ್ಟಿಕೊಂಡು ಹೋಗುತ್ತೇನೆ ಮ್ಯಾಮ್, ಕ್ಷಮಿಸಿ ಎಂದರು. ಅಷ್ಟಕ್ಕೇ ಮುಗಿಯುತ್ತದೆ ಅಂದುಕೊಂಡೆ. ಮುಗಿಯಲಿಲ್ಲ.

ಆಕೆ ಫೇರ್‌ಫ್ಯಾಕ್ಸ್ ಕಡೆ ಟೀಚರ್ ಆಗಿದ್ದವರು. ರಿಟೈರ್ ಆಗಿ ನಾಲ್ಕು ವರ್ಷದ ಹಿಂದೆ ಇಲ್ಲಿ ಇಪ್ಪತ್ತು ಎಕರೆ ಕೊಂಡು ಆಡು ಸಾಕಿದ್ದಾರೆ. ಹೋದ ವರ್ಷ ಎಂಟೋ ಹತ್ತೋ ನಾಯಿಗಳ ಹಿಂಡು ನುಗ್ಗಿ, ಹೆದರಿದ ಮರಿಯೊಂದು ಬೇಲಿಗೆ ಸಿಕ್ಕಿ ಕಾಲು ಮುರಿದುಕೊಂಡಿತು. "ಪೊಲೀಸರಿಗೆ ಫೋನ್ ಮಾಡಿದೆ. ಬಂದವರು ನನಗೇ ಕಾನೂನು ಪಾಠ ಹೇಳಿ ಹೋದರು. ತೆರಿಗೆ ನಾನು ಕಟ್ತೀನಿ. ಡಬ್ಬಿ ಹಿಡ್ಕೊಂಡು ಒಂದೊಂದು ಮರಕ್ಕೂ ಬಣ್ಣ ಬಳಿದವಳು ನಾನು. ಹಾಗಾದರೆ ಆ ಬಣ್ಣ ಯಾತಕ್ಕೆ?"

"ಅವು ಜಿಂಕೆ ಓಡಿಸೋ ನಾಯಿಗಳು, ಮ್ಯಾಮ್. ನಮ್ಮವಲ್ಲ."

"ನನಗೆ ಹೇಗೆ ಗೊತ್ತಾಗಬೇಕು? ನಾಯಿ ಬಂದು ತನ್ನ ಹೆಸರು ಹೇಳುತ್ತಾ?"

ಅಜ್ಜ ಬಾಯಿ ತೆರೆದು ಮುಚ್ಚಿದರು. ಆಮೇಲೆ ನನಗೆ ಹೇಳಿದ್ದು: ಅವರಿಗೆ ನೋವಾಗುವುದೇ ಇದು. ಹಿಂಡು ಬಿಟ್ಟು, ರಸ್ತೆ ಪಕ್ಕ ಟ್ರಕ್ ನಿಲ್ಲಿಸಿ ಕಾಯುವವರು ಬೇರೆ. ಬ್ಲೂ ರಿಜ್ ಬೆಟ್ಟಗಳ ಪೂರ್ವಕ್ಕೆ ಅದೂ ಕಾನೂನುಬದ್ಧವೇ. ಆದರೆ ಜಮೀನಿನವರಿಗೆ ಬೊಗಳುವುದೆಲ್ಲ ಒಂದೇ. "ಅವರ ಪಾಪ ನಮ್ಮ ತಲೆಗೆ."

ನನಗೆ ಆಗ ಅಜ್ಜನ ಪರ ಮಾತಾಡಬೇಕು ಅನ್ನಿಸಿತು. ಆ ಕೂಗು ಕೇಳಿದ ಯಾರಿಗಾದರೂ ಅನ್ನಿಸುತ್ತದೆ. ಆದರೆ ಆಕೆಯ ಜಾಗದಲ್ಲಿ ನಮ್ಮಪ್ಪ ನಿಂತಿದ್ದರೆ ಇಷ್ಟು ಮೆತ್ತಗೆ ಮಾತಾಡುತ್ತಿರಲಿಲ್ಲ. ಸುಮ್ನೆ ನಿಂತೆ. ಮಂಕಿ ಕ್ಯಾಪ್ ಹಾಕಿದ್ದ ನನ್ನನ್ನು ಆಕೆ ಒಂದೆರಡು ಸಲ ಅನುಮಾನದಿಂದ ನೋಡಿದರು. ಬೆಂಗಳೂರಿನವನು ಎಂದೆ. ಅದರಿಂದ ಅನುಮಾನ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಅಜ್ಜ ಬೆಲ್‌ಳ ಕೊರಳಿಗೆ ಹಗ್ಗ ಹಾಕುವಾಗ ಆಕೆ ಮೇಲಕ್ಕೆ ಟಾರ್ಚು ಬಿಟ್ಟರು. ಎರಡು ಕಣ್ಣು ಹೊಳೆದವು. ಕೊಂಬೆಯ ಕವಲಲ್ಲಿ ಬೆಕ್ಕಿಗಿಂತ ದೊಡ್ಡದೊಂದು ಉಂಡೆ.

"ಅದೇನಾ?" ಆಕೆಯ ದನಿ ಬದಲಾಯಿತು. "ಬೇಸಿಗೆಯಲ್ಲಿ ನನ್ನ ಮೂರು ಕೋಳಿ ತಿಂದದ್ದು ಇದೇನಾ?"

"ಇದೇ ಅಂತ ಹೇಳಲಾರೆ ಮ್ಯಾಮ್. ಇದರ ಬಳಗ."

ಆಕೆ ಸ್ವಲ್ಪ ಹೊತ್ತು ನೋಡಿದರು. "ಕೋವಿ ತಂದಿಲ್ಲವಾ?"

"ಟ್ರಕ್ಕಿನಲ್ಲಿದೆ."

"ಹೋಗಲಿ ಬಿಡಿ" ಎಂದು ಟಾರ್ಚು ಇಳಿಸಿದರು. ಅಪ್ಪಣೆಯನ್ನೇನೂ ಕೊಡಲಿಲ್ಲ. ನಾಯಿ ಬಿಡುವ ರಾತ್ರಿ ಮೊದಲೇ ಫೋನ್ ಮಾಡಿ, ಆಡುಗಳನ್ನು ಕೊಟ್ಟಿಗೆಗೆ ಹಾಕುತ್ತೇನೆ ಎಂದರು. ಅಜ್ಜನ ಬಳಿ ಪೆನ್ನಿರಲಿಲ್ಲ. ನಂಬರನ್ನು ನನ್ನ ಫೋನಿನಲ್ಲಿ ಬರೆದುಕೊಂಡೆ. ಅಜ್ಜ ಆ ಫೋನು ಮಾಡುತ್ತಾರೆ ಅಂತ ನನಗೆ ಪೂರ್ತಿ ನಂಬಿಕೆಯಿಲ್ಲ. ಅರವತ್ತು ವರ್ಷ ಕೇಳದೆ ಓಡಾಡಿದ ಗುಡ್ಡ ಅದು.

ಬೆಳಗ್ಗೆ ಅಜ್ಜ ತಿಂಡಿಗೆ ಕರೆದಿದ್ದರು. ಕಾರಿನಲ್ಲಿ ಮಲಗಿ ಕತ್ತು ಹಿಡಿದುಕೊಂಡಿತ್ತು. ಒಂಬತ್ತೂವರೆಗೆ ಹುಡುಗ ಬರಿಗೈಲಿ ಬಂದ. ಮೈಮೇಲೆ ಕಣ್ಣು ಕುಕ್ಕುವ ಗುಲಾಬಿ ಜಾಕೆಟ್. ಶಿಕಾರಿಯವರು ಎದ್ದು ಕಾಣಲೆಂದು ಹಾಕುವ ಕಿತ್ತಳೆಯ ಬದಲು ಅದನ್ನೂ ಹಾಕಬಹುದಂತೆ. ಯೋಗವಿಲ್ ಗುಡಿಯ ಬಣ್ಣವೇ ಎಂದು ಹೇಳಹೋಗಿ ತಡೆದುಕೊಂಡೆ. ಅವನು ಮಾತಾಡದೆ ಫೋನನ್ನು ಮೇಜಿನ ಮೇಲಿಟ್ಟ. ಕಾಡಿನ ಕ್ಯಾಮೆರಾದ ಚಿತ್ರಗಳು. 11.42: ಬೆಲ್, ಮೂಗು ನೆಲಕ್ಕೆ. 12.20: ಅಜ್ಜ. ಅವರ ಹಿಂದೆ ಮಂಕಿ ಕ್ಯಾಪ್ ಹಾಕಿ, ಮುಳ್ಳುಬಳ್ಳಿ ಬಿಡಿಸಿಕೊಳ್ಳುತ್ತ, ಬಾಯಿ ತೆರೆದ ನಾನು. ಇಡೀ ಪ್ರವಾಸದಲ್ಲಿ ನಾನು ಒಬ್ಬನೇ ಸರಿಯಾಗಿ ಕಾಣುವ ಫೋಟೋ ಅದೊಂದೇ.

"ಹಳ್ಳದ ಆಚೆ ಅಂದಿದ್ರಿ" ಎಂದ.

ಇನ್ನೇನೋ ತೋರಿಸಲು ಬೆರಳು ಸರಿಸಿದ. 3.05. ಅದೇ ಜಾಗದಲ್ಲಿ ಎರಡು ಹೆಣ್ಣು ಜಿಂಕೆ, ತಲೆ ತಗ್ಗಿಸಿ ಓಕ್ ಕಾಯಿ ತಿನ್ನುತ್ತಿದ್ದವು. ಅವನು ಬೇಗ ಮುಂದಕ್ಕೆ ಸರಿಸಿಬಿಟ್ಟ. ಅಜ್ಜ ನೋಡಿದ್ದರು. ಏನೂ ಹೇಳಲಿಲ್ಲ. ಅವನ ಕಪ್ಪಿಗೆ ಕಾಫಿ ಬಗ್ಗಿಸಿ, ನನ್ನ ಕಡೆ ಸಕ್ಕರೆ ಡಬ್ಬಿ ತಳ್ಳಿದರು. ಕಾಫಿ ಮಾತ್ರ ಬಹಳ ನೀರಾಗಿತ್ತು.