ಪ್ರಾದೊದ ನೆಲಮಹಡಿಯಲ್ಲಿ ಆರು ರಾಕ್ ಆಲ್ಬಮ್‌ಗಳು

ಮ್ಯಾಡ್ರಿಡ್‌ನ ಪ್ರಾದೊ ಮ್ಯೂಸಿಯಂಗೆ ಬಂದವರಲ್ಲಿ ಹೆಚ್ಚಿನವರು ನೇರ ಮೇಲಿನ ಮಹಡಿಗೆ ಹೋಗುತ್ತಾರೆ, ವೆಲಾಸ್ಕೆಸ್‌ನ ‘ಲಾಸ್ ಮೆನಿನಾಸ್’ ನೋಡಲು. ಹಳೆಯ ಎಲ್‌ಪಿ ಕವರ್‌ಗಳ ಮೂಲ ಹುಡುಕುತ್ತ ಬಂದವರು ನೆಲಮಹಡಿಯಲ್ಲೇ ನಿಲ್ಲಬೇಕು. ಅಲ್ಲಿ 56ಎ ಕೊಠಡಿಯಲ್ಲಿ ಹೈರೋನಿಮಸ್ ಬಾಷ್‌ನ ‘ದಿ ಗಾರ್ಡನ್ ಆಫ್ ಅರ್ತ್ಲಿ ಡಿಲೈಟ್ಸ್’ ಇದೆ. ಅದಕ್ಕೆ ಹತ್ತಿರದಲ್ಲೇ ಪೀಟರ್ ಬ್ರೂಗೆಲ್‌ನ ‘ದಿ ಟ್ರಯಂಫ್ ಆಫ್ ಡೆತ್’. ಈ ಎರಡೇ ಚಿತ್ರಗಳಿಂದ ಕನಿಷ್ಠ ಆರು ಆಲ್ಬಮ್‌ಗಳಿಗೆ ಕವರ್ ಸಿಕ್ಕಿದೆ.

ಬಾಷ್‌ನ ಪಾಲಿಗೆ ನಾಲ್ಕು. ಅಮೆರಿಕದ ಪರ್ಲ್ಸ್ ಬಿಫೋರ್ ಸ್ವೈನ್‌ನ ‘ಒನ್ ನೇಷನ್ ಅಂಡರ್‌ಗ್ರೌಂಡ್’ (1967), ಡೀಪ್ ಪರ್ಪಲ್ ತಂಡದ ಹೆಸರನ್ನೇ ಹೊತ್ತ 1969ರ ಆಲ್ಬಮ್, ಸ್ವಿಟ್ಜರ್ಲೆಂಡಿನ ಕೆಲ್ಟಿಕ್ ಫ್ರಾಸ್ಟ್‌ನ ‘ಇನ್‌ಟು ದ ಪ್ಯಾಂಡಮೋನಿಯಂ’ (1987), ಡೆಡ್ ಕ್ಯಾನ್ ಡ್ಯಾನ್ಸ್‌ನ ‘ಅಯಾನ್’ (1990). ಬ್ರೂಗೆಲ್‌ನ ಪಾಲಿಗೆ ಎರಡು: ಮತ್ತೆ ಪರ್ಲ್ಸ್ ಬಿಫೋರ್ ಸ್ವೈನ್‌ನದೇ ‘ಬ್ಯಾಲಕ್ಲಾವಾ’ (1968), ಮತ್ತು ಬ್ಲ್ಯಾಕ್ ಸಬ್ಬತ್‌ನ ಹಾಡುಗಳ ಸಂಕಲನ ‘ಗ್ರೇಟೆಸ್ಟ್ ಹಿಟ್ಸ್’ (1977).

ಇವನ್ನು ಕವರ್‌ಗಳಲ್ಲಿ ನೋಡಿ ಪಳಗಿದ ಕಣ್ಣಿಗೆ ಇಲ್ಲಿ ಮೊದಲು ತಟ್ಟುವುದು ಬಣ್ಣ. ಬ್ರೂಗೆಲ್‌ನ ಚಿತ್ರ ಎಂದರೆ ಕಂದು, ಹೊಗೆ, ಬೂದಿ ಎಂದುಕೊಂಡು ಬಂದರೆ ಎದುರಿಗೆ ನೀಲಿ ಇದೆ, ಸ್ವಚ್ಛ ಕೆಂಪು ಇದೆ, ದೂರದ ಸಮುದ್ರಕ್ಕೆ ಆಳವಿದೆ. ಕಾರಣ ಸರಳ. ಚಿತ್ರದ ಮೇಲೆ ಬಳಿಯುವ ರಾಳದ ವಾರ್ನಿಶ್ ಗಾಳಿ ಬೆಳಕಿಗೆ ಸಿಕ್ಕಿ ವರ್ಷಗಳಲ್ಲಿ ಹಳದಿಗಟ್ಟುತ್ತದೆ. ಅದರಡಿ ನೀಲಿ ಹಸಿರಾಗಿ ಕಾಣುತ್ತದೆ, ಬಿಳಿ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ, ದೂರ ಹತ್ತಿರ ಎಲ್ಲ ಒಂದೇ ಮಟ್ಟಕ್ಕೆ ಬರುತ್ತದೆ. ಪ್ರಾದೊ 2018ರಲ್ಲಿ ಈ ಚಿತ್ರದ ದುರಸ್ತಿ ಮುಗಿಸಿ ಹಳೆಯ ವಾರ್ನಿಶ್ ಮತ್ತು ಹಿಂದಿನವರು ಮೇಲೆ ಬಳಿದಿದ್ದ ತೇಪೆ ಬಣ್ಣ ತೆಗೆಯಿತು. ಚಿತ್ರ ಬರೆದಿರುವ ಮರದ ಹಲಗೆಯ ಹಿಂಬದಿಗೆ ಹಿಂದೆ ಯಾರೋ ಅಂಟಿಸಿದ್ದ ಮರದ ಪಟ್ಟಿಗಳ ಚೌಕಟ್ಟೂ ಹೋಯಿತು. ಮರ ತೇವಕ್ಕೆ ಹಿಗ್ಗಿ ಒಣಹವೆಗೆ ಕುಗ್ಗುತ್ತಿರುತ್ತದೆ. ಪಟ್ಟಿ ಅದನ್ನು ಬಿಗಿಯಾಗಿ ಹಿಡಿದರೆ ಬಣ್ಣದ ಪದರ ಸೀಳುತ್ತದೆ. ಬಾಷ್‌ನ ಚಿತ್ರದ ದುರಸ್ತಿ 2000ದ ಹೊತ್ತಿಗೇ ಮುಗಿದಿತ್ತು.

ಎಂದರೆ ಆರೂ ಕವರ್‌ಗಳು ಅಚ್ಚಾದದ್ದು ಈ ಶುಚಿ ಕೆಲಸಕ್ಕೆ ಮೊದಲು. ಹೆವಿ ಮೆಟಲ್ ಕೇಳುವವರು ಮೆಚ್ಚಿಕೊಂಡ ಆ ಮಂಕು ಕಂದು ಛಾಯೆಯಲ್ಲಿ ಬ್ರೂಗೆಲ್‌ನ ಪಾಲು ಕಡಿಮೆ, ವಾರ್ನಿಶ್‌ನ ಪಾಲು ದೊಡ್ಡದು. ಮೂಲದಲ್ಲಿ ಅದು ಅಳಿಸಿಹೋಗಿದೆ. ಹಳೆಯ ಎಲ್‌ಪಿಗಳ ಕವರ್ ಮೇಲೆ ಇನ್ನೂ ಉಳಿದಿದೆ.

‘ಟ್ರಯಂಫ್ ಆಫ್ ಡೆತ್’ 117 ಸೆಂ.ಮೀ. ಎತ್ತರ, 162 ಸೆಂ.ಮೀ. ಅಗಲ. ಎಲ್‌ಪಿ ಕವರ್ ಚೌಕ, ಸುಮಾರು 31 ಸೆಂ.ಮೀ. ಪೂರ್ತಿ ಎತ್ತರ ಉಳಿಸಿ ಮಧ್ಯದಿಂದ ಚೌಕ ಕತ್ತರಿಸಿದರೆ ಎಡಬಲದಲ್ಲಿ ತಲಾ 22.5 ಸೆಂ.ಮೀ. ಹೋಗುತ್ತದೆ. ನೋಡಲೇಬೇಕಾದದ್ದು ಹೆಚ್ಚಾಗಿ ಆ ಅಂಚುಗಳಲ್ಲಿದೆ. ಕೆಳಗಿನ ಎಡಮೂಲೆಯಲ್ಲಿ ರಾಜ ಬಿದ್ದಿದ್ದಾನೆ. ಅಸ್ಥಿಪಂಜರವೊಂದು ಅವನಿಗೆ ಮರಳು ಗಡಿಯಾರ ತೋರಿಸುತ್ತಿದೆ, ಪಕ್ಕದಲ್ಲಿ ಚಿನ್ನದ ನಾಣ್ಯ ತುಂಬಿದ ಪೀಪಾಯಿ. ಕೆಳಗಿನ ಬಲಮೂಲೆಯಲ್ಲಿ ಪ್ರೇಮಿಗಳಿಬ್ಬರು: ಅವನು ಲ್ಯೂಟ್ ನುಡಿಸುತ್ತಿದ್ದಾನೆ, ಅವಳ ಕೈಯಲ್ಲಿ ಹಾಡಿನ ಪುಸ್ತಕ. ಅವರ ಬೆನ್ನ ಹಿಂದೆ ಇನ್ನೊಂದು ಅಸ್ಥಿಪಂಜರ ಕೂತು ತಾನೂ ತಂತಿವಾದ್ಯ ಹಿಡಿದು ಸಾಥ್ ಕೊಡುತ್ತಿದೆ. ಇಡೀ ಚಿತ್ರದಲ್ಲಿ ಸಾವನ್ನು ಇನ್ನೂ ಗಮನಿಸದವರು ಇವರಿಬ್ಬರೇ. ಪಕ್ಕದಲ್ಲೇ ವಿದೂಷಕ ಊಟದ ಮೇಜಿನಡಿ ನುಸುಳುತ್ತಿದ್ದಾನೆ. ನೆಲದ ಮೇಲೆ ಇಸ್ಪೀಟ್ ಎಲೆ ಚೆಲ್ಲಿವೆ. ಸಂಗೀತ ಪ್ರೀತಿಸುವವರು ಈ ಒಂದು ಮೂಲೆಗೇ ಹತ್ತು ನಿಮಿಷ ಕೊಡಬೇಕು.

ಬಾಷ್‌ನ ಚಿತ್ರ ಮಡಚಬಹುದಾದ ಮೂರು ಹಲಗೆಗಳದ್ದು, ತೆರೆದಿಟ್ಟಾಗ ಚೌಕಟ್ಟು ಸೇರಿ ನಾಲ್ಕು ಮೀಟರಿಗೆ ಸ್ವಲ್ಪವೇ ಕಮ್ಮಿ ಅಗಲ. ರಾಕ್ ತಂಡಗಳಿಗೆ ಪ್ರಿಯವಾದದ್ದು ಬಲಗಡೆಯ ನರಕದ ಹಲಗೆ. ಅದು ಸಂಗೀತಗಾರರ ನರಕವೂ ಹೌದು. ಹಾರ್ಪ್‌ನ ತಂತಿಗೆ ಒಬ್ಬನನ್ನು ಸಿಕ್ಕಿಸಲಾಗಿದೆ, ದೈತ್ಯಾಕಾರದ ಲ್ಯೂಟ್ ಅಡಿ ಇನ್ನೊಬ್ಬ ಸಿಕ್ಕಿಕೊಂಡಿದ್ದಾನೆ, ಮತ್ತೊಬ್ಬನ ಪೃಷ್ಠದ ಮೇಲೆ ಸ್ವರಲಿಪಿ ಬರೆದಿದೆ. ನಡುವೆ, ಒಡೆದ ಮೊಟ್ಟೆಯಂಥ ಒಡಲಿನ ಮರಮನುಷ್ಯ ತಿರುಗಿ ನಮ್ಮತ್ತ ನೋಡುತ್ತಾನೆ. ಅವನ ತಲೆಯ ಮೇಲಿನ ತಟ್ಟೆಯಲ್ಲಿ ಬ್ಯಾಗ್‌ಪೈಪ್. ಡೀಪ್ ಪರ್ಪಲ್ ಈ ಹಲಗೆಯನ್ನು ಬಣ್ಣದಲ್ಲೇ ಬಳಸಲು ಹೊರಟಿತ್ತು. ಮುದ್ರಣದ ತಪ್ಪಿನಿಂದ ಅದು ಕಪ್ಪುಬಿಳುಪಾಗಿ ಬಂತು, ತಂಡ ಹಾಗೆಯೇ ಬಿಟ್ಟಿತು. ನಡುನಡುವೆ ತಂಡದವರ ಫೋಟೊಗಳನ್ನೂ ಅಂಟಿಸಿದ್ದಾರೆ. ಅಮೆರಿಕದ ಹಲವು ಅಂಗಡಿಗಳು ಇದನ್ನು ಧರ್ಮವಿರೋಧಿ ಎಂದು ಬಗೆದು ಇಟ್ಟುಕೊಳ್ಳಲು ಹಿಂಜರಿದವು. ಅದು ಪಾಪಕ್ಕೆ ಬರುವ ಶಿಕ್ಷೆಯ ಚಿತ್ರ ಎಂಬುದು ಅವರ ಗಮನಕ್ಕೆ ಬರಲಿಲ್ಲ. ಕಪ್ಪುಬಿಳುಪಿನಲ್ಲಿ ಮರಮನುಷ್ಯನ ಮುಖ ಇನ್ನಷ್ಟು ಎದ್ದು ಕಾಣುತ್ತದೆ, ನಿಜ. ಆದರೆ ಮೇಲ್ಗಡೆ ಉರಿಯುವ ಊರಿನ ಬೆಂಕಿ ಸತ್ತುಹೋಗಿದೆ. ಆ ಬೆಂಕಿ ಇಲ್ಲದೆ ಈ ಹಲಗೆ ಅರ್ಧವೇ.

ಡೆಡ್ ಕ್ಯಾನ್ ಡ್ಯಾನ್ಸ್ ಆರಿಸಿದ್ದು ನಡುವಿನ ಹಲಗೆಯಿಂದ ಒಂದು ಚೂರು: ಗಾಜಿನಂಥ ಗುಳ್ಳೆಯೊಳಗೆ ಕೂತ ಜೋಡಿ. ಮೂಲದಲ್ಲಿ ಆ ಗುಳ್ಳೆ ಎಲ್‌ಪಿ ಕವರ್‌ಗಿಂತ ಚಿಕ್ಕದು. ಅಂದರೆ ಇಲ್ಲಿ ಕವರ್ ಚಿತ್ರವನ್ನು ಹಿಗ್ಗಿಸಿದೆ. ಆರರಲ್ಲಿ ಅತ್ಯುತ್ತಮ ಆಯ್ಕೆ ಇದೇ. ಜನಜಂಗುಳಿಯ ಆ ಹಲಗೆಯಿಂದ ತನಗೆ ಬೇಕಾದ ಇಬ್ಬರನ್ನು ಮಾತ್ರ ಎತ್ತಿಕೊಂಡಿದೆ.

ನೋಡುವ ಕ್ರಮದ ಬಗ್ಗೆ ಕೆಲವು ಮಾತು. ಪ್ರಾದೊದ ಕೊಠಡಿಗಳಲ್ಲಿ ಫೋಟೊ ನಿಷಿದ್ಧ. ಹೋಲಿಸಿ ನೋಡಲೆಂದು ಫೋನ್ ಎತ್ತಿದರೂ ಕಾವಲಿನವರು ಬಳಿಗೆ ಬರುತ್ತಾರೆ. ಆದ್ದರಿಂದ ಕವರ್‌ಗಳನ್ನು ಸಿ.ಡಿ. ಅಳತೆಯಲ್ಲಿ, 12 ಸೆಂ.ಮೀ. ಚೌಕಕ್ಕೆ, ಕಾಗದದಲ್ಲಿ ಮುದ್ರಿಸಿಕೊಂಡು ಹೋಗುವುದು ಒಳ್ಳೆಯದು. ಅದರ ಮೇಲೆ ಮೂರು ಸಾಲು ಮೂರು ಕಂಬದ ಗೆರೆ ಎಳೆದಿದ್ದರೆ ಯಾವ ಭಾಗ ಎಲ್ಲಿಂದ ಬಂತೆಂದು ಬೇಗ ಸಿಗುತ್ತದೆ. ಪುಟ್ಟ ದುರ್ಬೀನು ಬೇಕೇ ಬೇಕು, ಆದರೆ ಹಕ್ಕಿ ನೋಡುವ ದುರ್ಬೀನು ಎಲ್ಲವೂ ಆಗುವುದಿಲ್ಲ. ಎಷ್ಟೋ ದುರ್ಬೀನುಗಳು ಎರಡು ಮೂರು ಮೀಟರಿಗಿಂತ ಹತ್ತಿರದ್ದಕ್ಕೆ ಫೋಕಸ್ ಆಗುವುದೇ ಇಲ್ಲ, ಚಿತ್ರದ ಮುಂದೆ ನಿಂತಾಗ ಬರೀ ಮಸುಕು. ಒಂದೂವರೆ ಮೀಟರ್ ಒಳಗೆ ಫೋಕಸ್ ಆಗುವಂಥದ್ದನ್ನು ಕೊಳ್ಳುವಾಗಲೇ ಕೇಳಬೇಕು. ಮುಚ್ಚುವ ಮುಂಚಿನ ಎರಡು ಗಂಟೆ ಪ್ರವೇಶ ಉಚಿತ. ಆ ಹೊತ್ತಿಗೆ ಬಾಷ್ ಮುಂದೆ ನಾಲ್ಕು ಸಾಲು ತಲೆಗಳಿರುತ್ತವೆ, ಸರದಿಯಲ್ಲೇ ಅರ್ಧ ಸಮಯ ಕಳೆಯುತ್ತದೆ. ಹಣ ಕೊಟ್ಟು ಬೆಳಿಗ್ಗೆ 10ಕ್ಕೆ ಬಾಗಿಲು ತೆರೆದ ಕೂಡಲೇ ನೇರ 56ಎಗೆ ನಡೆಯುವುದೇ ಲೇಸು. ಗೈಡ್‌ಗಳ ಗುಂಪು ಅಲ್ಲಿಗೆ ಬರುವುದು ತುಸು ತಡವಾಗಿ.

ಇಂಥ ಇನ್ನಷ್ಟು ಕವರ್‌ಗಳ ಮೂಲ ನೋಡಲು ಮುಂದೆ ಬಾರ್ಸಿಲೋನಾ ಮೂಲಕ ರೈಲಿನಲ್ಲಿ ಪ್ಯಾರಿಸ್. ಲೂವ್ರ್ ಮ್ಯೂಸಿಯಂ ಮಂಗಳವಾರ ಮುಚ್ಚಿರುತ್ತದೆ. ರೈಲಿನ ಟಿಕೆಟ್ ಮಾಡುವ ಮೊದಲು ಇದನ್ನು ನೋಡದಿದ್ದರೆ ಒಂದು ಇಡೀ ದಿನ ಅದರ ಬಾಗಿಲಿನ ಗಾಜಿನ ಪಿರಮಿಡ್‌ನ ಹೊರಗೇ ಕಳೆದುಹೋಗುತ್ತದೆ. ಬುಧವಾರ, ಶುಕ್ರವಾರ ರಾತ್ರಿ 9ರವರೆಗೆ ತೆರೆದಿರುತ್ತದೆ, ಸಂಜೆಯ ಹೊತ್ತು ವಾಸಿ. ದೆನೊಂ ವಿಭಾಗದ 700ನೇ ಕೊಠಡಿಯಲ್ಲಿ ಎರಡು ಕವರ್‌ಗಳ ಮೂಲ ಒಟ್ಟಿಗೇ ಸಿಗುತ್ತವೆ. ಜೆರಿಕೊನ ‘ದಿ ರಾಫ್ಟ್ ಆಫ್ ದ ಮೆಡುಸಾ’, 7 ಮೀಟರಿಗೂ ಹೆಚ್ಚು ಅಗಲ. ದಿ ಪೋಗ್ಸ್ ತಂಡ 1985ರ ತನ್ನ ಆಲ್ಬಮ್ ಕವರ್‌ನಲ್ಲಿ ಇದೇ ತೆಪ್ಪದ ಮೇಲಿನವರ ಮುಖಗಳ ಜಾಗದಲ್ಲಿ ತನ್ನವರ ಮುಖಗಳನ್ನು ಇಟ್ಟಿತು. ಹಸಿವಿನಿಂದ ಕಂಗೆಟ್ಟ ನಾವಿಕರ ಜಾಗದಲ್ಲಿ ತಾವೇ ನಿಂತದ್ದು ಅವರ ಹಾಡುಗಳಿಗೆ ಒಪ್ಪುತ್ತದೆ. ಇನ್ನೊಂದು ದೆಲಕ್ರವಾ 1830ರಲ್ಲಿ ಬರೆದ ‘ಲಿಬರ್ಟಿ ಲೀಡಿಂಗ್ ದ ಪೀಪಲ್’. ಕೋಲ್ಡ್‌ಪ್ಲೇ ತಂಡ 2008ರ ತನ್ನ ಆಲ್ಬಮ್ ಕವರ್‌ಗೆ ಇದರ ಪ್ರತಿಯ ಮೇಲೆ ಬಿಳಿ ಬಣ್ಣದಲ್ಲಿ ‘ವಿವಾ ಲಾ ವಿದಾ’ ಎಂದು ದಪ್ಪ ಕುಂಚದಿಂದ ಬರೆಯಿತು. ಆ ಹೆಸರು ಬಂದದ್ದು ಫ್ರಿಡಾ ಕಾಹ್ಲೊಳ ಚಿತ್ರದಿಂದ. ಪ್ರಾದೊದಲ್ಲಿ ಕಂಡದ್ದೇ ಇಲ್ಲೂ: ಈ ಚಿತ್ರದ ವಾರ್ನಿಶ್ ತೆಗೆದು 2024ರ ಮೇ ತಿಂಗಳಲ್ಲಿ ಗೋಡೆಗೆ ಮರಳಿಸಿದ್ದಾರೆ. ಆಲ್ಬಮ್‌ನಲ್ಲಿ ಹಳದಿಯಾಗಿ ಕಾಣುವ ಲಿಬರ್ಟಿಯ, ಎಂದರೆ ನಡುವೆ ನಿಂತ ಸ್ವಾತಂತ್ರ್ಯದೇವಿಯ, ಉಡುಪು ಮೂಲದಲ್ಲಿ ತಿಳಿಬೂದು, ಅಲ್ಲಲ್ಲಿ ಹೊನ್ನಿನ ಬಣ್ಣ. ಹೊಗೆಯ ಹಿಂದೆ ನೀಲಿ ಆಕಾಶ ತೆರೆದುಕೊಂಡಿದೆ.

ಸ್ಪೇನ್, ಫ್ರಾನ್ಸ್‌ಗೆ ಒಂದೇ ಷೆಂಗೆನ್ ವೀಸಾ ಸಾಕು. ಅರ್ಜಿ ಹಾಕಬೇಕಾದದ್ದು ಹೆಚ್ಚು ದಿನ ತಂಗುವ ದೇಶಕ್ಕೆ. ಲಂಡನ್ನಿಗೆ ಬೇರೆಯೇ ವೀಸಾ ಬೇಕು. ಅಷ್ಟು ಖರ್ಚು ಮಾಡಿ ಹೋಗುವುದು ನ್ಯಾಷನಲ್ ಗ್ಯಾಲರಿಯಲ್ಲಿರುವ 49 ಸೆಂ.ಮೀ. ಎತ್ತರ, 60 ಸೆಂ.ಮೀ. ಅಗಲದ ಒಂದು ಬುಟ್ಟಿ ಗುಲಾಬಿಗಾಗಿ. ಫಾಂತಾಂ ಲಾತೂರ್ 1890ರಲ್ಲಿ ಬರೆದದ್ದು. ಇದನ್ನು ವಿನ್ಯಾಸಕಾರ ಪೀಟರ್ ಸ್ಯಾವಿಲ್ ನ್ಯೂ ಆರ್ಡರ್ ತಂಡದ ‘ಪವರ್, ಕರಪ್ಷನ್ ಅಂಡ್ ಲೈಸ್’ (1983) ಕವರ್‌ಗೆ ತಂದ. ಮುಂಬದಿಯಲ್ಲಿ ತಂಡದ ಹೆಸರಿಲ್ಲ, ಆಲ್ಬಮ್ ಹೆಸರಿಲ್ಲ. ಮೇಲಿನ ಬಲಮೂಲೆಯಲ್ಲಿ ಬಣ್ಣದ ಪುಟ್ಟ ಚೌಕಗಳ ಸಂಕೇತ ಮಾತ್ರ, ಅದನ್ನು ಬಿಡಿಸುವ ಬಣ್ಣದ ಚಕ್ರ ಹಿಂಬದಿಯಲ್ಲಿ. ಹಳೆಯ ಚಿತ್ರಕ್ಕೆ ಹೊಸ ಕಾಲದ ಗುರುತನ್ನು ಇಷ್ಟು ಮಿತವಾಗಿ ಸೇರಿಸಿದ ಕವರ್ ಇನ್ನೊಂದಿಲ್ಲ. ಗ್ಯಾಲರಿಗೆ ಪ್ರವೇಶ ಉಚಿತ. ಆದರೆ ಚಿತ್ರ ಯಾವಾಗಲೂ ಗೋಡೆಯ ಮೇಲಿರುತ್ತದೆಂಬ ಭರವಸೆಯಿಲ್ಲ, ಹೊರಡುವ ದಿನ ಬೆಳಿಗ್ಗೆ ಗ್ಯಾಲರಿಯ ಜಾಲತಾಣದಲ್ಲಿ ಆ ಚಿತ್ರದ ಪುಟ ತೆರೆದು ಕೊಠಡಿ ಸಂಖ್ಯೆ ಕಾಣುತ್ತದೆಯೇ ನೋಡಿಕೊಳ್ಳಿ.